ಧರ್ಮಭಗಿನಿಯರ ಚರಿತ್ರೆಗಳು

ಕಳೆದ ಮಾಘಮಾಸದಲ್ಲಿ ಅತ್ತಿಬೆಲೆಯ ನಮ್ಮ ಮನೆಗೆ ನನ್ನ ಹಳೆಯ ಶಿಷ್ಯೆಯೊಬ್ಬಳು ಬಂದಳು. ಕಥೋಲಿಕ ಕ್ರೈಸ್ತ ಮನೆತನದವಳು. ಕನ್ಯಾಮಠವನ್ನು ಸೇರಬೇಕೋ ಬೇಡವೋ ಎಂಬ ವಿಚಾರದಲ್ಲಿದ್ದಳು. ಕೈಯಲ್ಲಿ ಧರ್ಮಭಗಿನಿಯರ ಮೂರು ನಾಲ್ಕು ಚರಿತ್ರೆಗಳಿದ್ದುವು. “ಮೇಷ್ಟ್ರೇ, ಇವರಿಗೆಲ್ಲ ಬಾಲ್ಯದಲ್ಲಿಯೇ ದೇವರ ಕರೆ ಸ್ಪಷ್ಟವಾಗಿ ಕೇಳಿತಂತೆ. ನನಗೆ ಇಂದು ಕೇಳಿದಂತಿದ್ದುದು ನಾಳೆ ಕೇಳುವುದಿಲ್ಲ. ಹಾಗಾದರೆ ಆ ಕರೆ ನನಗಲ್ಲವೇ?” ಎಂದಳು. ಅನ್ಯಮತದವನಾದ ನಾನು ಇದಕ್ಕೆ ಉತ್ತರ ಹೇಳಲು ಅಧಿಕಾರಿಯಲ್ಲ. ಆದರೆ ಗ್ರಂಥಗಳ ಗುಣದೋಷಗಳನ್ನು ಕುರಿತು ನಾಲ್ಕು ಮಾತು ಹೇಳಬಹುದೆಂದು ಅವನ್ನು ಓದಿ ನೋಡಿದೆನು.

ಭಕ್ತಿಯಿಂದ ಬರೆದ ಪುಸ್ತಕಗಳೇ ಅವು, ಭಾಷೆಯೂ ಶುದ್ಧವಾಗಿದೆ. ಆದರೆ ಅವು ಚರಿತ್ರೆಗಳಲ್ಲ, ಸ್ತೋತ್ರಗಳು. ಸ್ತೋತ್ರದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಪೂಜಿಸುವವನಿಗೆ ಅದರಿಂದ ಕೊರತೆಯಾಗದು. ದಾರಿಯನ್ನು ಹುಡುಕುವವಳಿಗೆ ಮಾತ್ರ ದೊಡ್ಡ ಕೊರತೆಯಾಗುತ್ತದೆ.

ಫ್ರಾನ್ಸಿನ ಲಿಸ್ಯು ಪಟ್ಟಣದ ಸಂತ ತೆರೇಸಾಳನ್ನು ನೋಡೋಣ. ಈಕೆ 15ನೆಯ ವಯಸ್ಸಿನಲ್ಲಿ ಕಾರ್ಮೆಲ್ ಮಠವನ್ನು ಸೇರಿ, 1897ರಲ್ಲಿ 24ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮರುವರ್ಷ ಆಕೆಯ ಆತ್ಮಕಥೆ ಅಚ್ಚಾದಾಗ, ಅದೇ ಮಠದಲ್ಲಿದ್ದ ಆಕೆಯ ಅಕ್ಕನು ಮೂಲವನ್ನು ಹಲವೆಡೆ ತಿದ್ದಿದ್ದಳು. ಕೈಬರೆಹವು ಯಥಾವತ್ತಾಗಿ ಹೊರಬಂದುದು 1956ರಲ್ಲಿ. ಬದುಕಿನ ಕೊನೆಯ ಒಂದೂವರೆ ವರ್ಷ ಪರಲೋಕದ ವಿಷಯದಲ್ಲಿಯೇ ಆಕೆಗೆ ಕತ್ತಲೆ ಕವಿದಿತ್ತು. ಅದನ್ನು ಆಕೆಯೇ ಬರೆದಿಟ್ಟಿದ್ದಾಳೆ. ನನ್ನ ಶಿಷ್ಯೆಯ ಕೈಯಲ್ಲಿದ್ದ ಪುಸ್ತಕವು ಈಕೆಯ ವಿಷಯದಲ್ಲಿ ಗುಲಾಬಿಗಳನ್ನು ಧಾರಾಳವಾಗಿ ಚೆಲ್ಲಿದೆ. ಆ ಕತ್ತಲೆಗೆ ಒಂದು ಪಂಕ್ತಿಯನ್ನೂ ಕೊಟ್ಟಿಲ್ಲ.

ನಮ್ಮ ನಾಡಿಗೆ ಸಂಬಂಧಿಸಿದ ಉದಾಹರಣೆಯೂ ಉಂಟು. ಮಂಗಳೂರಿನಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿದ ಅಪೋಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದವಳು ಮದರ್ ವೆರೋನಿಕಾ. 1823ರಲ್ಲಿ ಕಾನ್‌ಸ್ಟಾಂಟಿನೋಪಲಿನ ಆಂಗ್ಲಿಕನ್ ಮನೆಯೊಂದರಲ್ಲಿ ಹುಟ್ಟಿದ ಈಕೆ 1850ರಲ್ಲಿ ಕಥೋಲಿಕಳಾದಳು. ಮೊದಲು ಒಂದು ಸಭೆಯಲ್ಲಿ ಸಿಸ್ಟರ್ ಆಗಿ ಕಲ್ಲಿಕೋಟೆಯಲ್ಲಿ ಕೆಲಸ ಮಾಡಿದಳು. ಅನಂತರ ಅದನ್ನು ಬಿಟ್ಟು ಫ್ರಾನ್ಸಿನ ಕಾರ್ಮೆಲ್ ಮಠಕ್ಕೆ ಹೋದಳು. 1868ರಲ್ಲಿ ಬಯೋನ್ ನಗರದಲ್ಲಿ ಹೊಸ ಸಭೆಯನ್ನು ಕಟ್ಟಿದಳು. 1870ರಲ್ಲಿ ಅದರ ಸಿಸ್ಟರುಗಳು ಮಂಗಳೂರಿಗೆ ಬಂದರು. ಈಕೆ ಮತ್ತೆ ಕಾರ್ಮೆಲ್ ಮಠದ ಏಕಾಂತಕ್ಕೆ ಹಿಂದಿರುಗಿ 1906ರಲ್ಲಿ ತೀರಿಕೊಂಡಳು. ಇಷ್ಟು ತಿರುವುಗಳಿದ್ದ ಬಾಳನ್ನು ಸರಳರೇಖೆಯಾಗಿ ಎಳೆದು ತೋರಿಸಿದರೆ ಓದುವವಳಿಗೆ ಏನು ದಕ್ಕೀತು?

ಸಂಸ್ಕೃತ ನಾಟಕಗಳಲ್ಲಿಯೂ ಈ ಕೊರತೆಯನ್ನು ಕಂಡಿದ್ದೇನೆ. ಮಾಲವಿಕಾಗ್ನಿಮಿತ್ರದ ಪರಿವ್ರಾಜಿಕೆ ಕೌಶಿಕಿಯು ಕಾಷಾಯವನ್ನು ತೊಟ್ಟುದು ವೈಧವ್ಯ ಮತ್ತು ಭ್ರಾತೃಶೋಕಗಳಿಂದ ಎಂದು ಕವಿಯು ತಿಳಿಸುತ್ತಾನೆ. ಆ ಬಟ್ಟೆಯೊಳಗೆ ಆಕೆ ಹೇಗೆ ಬಾಳಿದಳೆಂಬುದನ್ನು ಹೇಳುವುದಿಲ್ಲ. ರಾಜನ ಪ್ರಣಯಕ್ಕೆ ನೆರವಾಗಿಸಿ ಕಳುಹಿಸುತ್ತಾನೆ. ಕನ್ನಡದಲ್ಲಿ 12ನೆಯ ಶತಮಾನದ ಅಕ್ಕಮಹಾದೇವಿ ತಾನೇ ಮಾತನಾಡಿದಳು. ಆಕೆಯ ವಚನಗಳಲ್ಲಿ ಮಿಲನದಷ್ಟೇ ವಿರಹವೂ ಉಂಟು, ದೇವರೊಡನೆ ಜಗಳವೂ ಉಂಟು. ಆದುದರಿಂದಲೇ ಅವು ಇಂದಿಗೂ ಹಸಿಯಾಗಿವೆ.

ಕಥೋಲಿಕ ಸಭೆಯ 1983ರ ಧರ್ಮಸಂಹಿತೆಯು ಅಭ್ಯಾಸಕಾಲಕ್ಕೆ ಕನಿಷ್ಠ 12 ತಿಂಗಳನ್ನೂ ಆಮೇಲೆ ತಾತ್ಕಾಲಿಕ ವ್ರತಗಳಿಗೆ ಕನಿಷ್ಠ 3 ವರ್ಷಗಳನ್ನೂ ವಿಧಿಸಿದೆ. ಆ ಅವಧಿ ಮುಗಿದಾಗ ಬೇಡವೆನಿಸಿದವಳು ಹೊರಟುಹೋಗಬಹುದು. ಶಾಸ್ತ್ರವೇ ಸಂದೇಹಕ್ಕೆ ಇಷ್ಟು ಕಾಲವನ್ನು ಕೊಟ್ಟಿರುವಾಗ ಚರಿತ್ರಕಾರನು ಅದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ.

ಪುಸ್ತಕಗಳನ್ನು ಹಿಂದಿರುಗಿಸುತ್ತ, “ಮಗೂ, ನಿನ್ನ ಸಂಶಯ ಇವುಗಳಲ್ಲಿ ಇಲ್ಲದಿರುವುದು ಇವುಗಳ ದೋಷ, ನಿನ್ನದಲ್ಲ” ಎಂದಷ್ಟೇ ಹೇಳಿದೆನು. ಆಕೆ ಇನ್ನೂ ನಿರ್ಧರಿಸಿಲ್ಲ. ನಿರ್ಧರಿಸುವಾಗ ಅದು ಆಕೆಯದೇ ನಿರ್ಧಾರವಾಗಲಿ. ಅಂಥವಳ ಕೈಯಲ್ಲಿಡಬಹುದಾದ ಒಂದು ನಿಜವಾದ ಚರಿತ್ರೆಯನ್ನು ಕನ್ನಡದಲ್ಲಿ ಯಾರಾದರೂ ಬರೆಯಲೆಂದು ಹಾರೈಸುತ್ತೇನೆ.