ಕೂಡಿಟ್ಟ ಹಣ್ಣು

ಬಾಲ್ಯದ ನೆನಪಿನ ಕವಿತೆ ಎಂದೊಡನೆ ನಾವು ಅದರಲ್ಲಿ ಹಂಬಲವನ್ನು ಹುಡುಕುತ್ತೇವೆ. ಐರಿಷ್ ಕವಿ ಶೇಮಸ್ ಹೀನಿಯವರ ‘ಬ್ಲ್ಯಾಕ್‌ಬೆರಿ-ಪಿಕಿಂಗ್’ ಓದುವಾಗ ಈ ಅಭ್ಯಾಸ ಬಿಡಬೇಕು. ನನ್ನ ಓದಿನಲ್ಲಿ ಅದು ದುರಾಸೆಯ ಕವಿತೆ.

1966ರ ‘ಡೆತ್ ಆಫ್ ಎ ನ್ಯಾಚುರಲಿಸ್ಟ್’ ಸಂಕಲನದಲ್ಲಿರುವ ಇದಕ್ಕೆ 24 ಸಾಲು. ಉತ್ತರ ಐರ್ಲೆಂಡಿನ ಡೆರಿ ಕೌಂಟಿಯಲ್ಲಿ, ಒಕ್ಕಲು ಮನೆಯ ಒಂಬತ್ತು ಮಕ್ಕಳಲ್ಲಿ ಹಿರಿಯರಾಗಿ ಬೆಳೆದವರು ಹೀನಿ. ಬ್ಲ್ಯಾಕ್‌ಬೆರಿ ನಮ್ಮ ಕವಳೆಯಂತೆ ಮುಳ್ಳುಪೊದೆಯ ಹಣ್ಣು. ಆಗಸ್ಟ್ ಕೊನೆಗೆ ಅದು ಕಪ್ಪಾಗುತ್ತಲೇ ಮಕ್ಕಳು ಹಾಲಿನ ಕ್ಯಾನು, ಬಟಾಣಿ ಡಬ್ಬ, ಜಾಮಿನ ಜಾಡಿ ಹಿಡಿದು ಹೊರಡುತ್ತಾರೆ. ಮೊದಲು ಬಿದ್ದ ಹಸಿರು ಕಾಯಿಗಳು ಡಬ್ಬದ ತಳದಲ್ಲಿ ಟಣಟಣ ಎನ್ನುತ್ತವೆ. ತಂದ ಹಣ್ಣು ಕೊಟ್ಟಿಗೆಯ ತೊಟ್ಟಿ ಸೇರುತ್ತದೆ, ಅಲ್ಲಿ ಇಲಿಬಣ್ಣದ ಬೂಷ್ಟು ಹಿಡಿದು ಹುಳಿತು ನಾರುತ್ತದೆ. ಕತೆ ಇಷ್ಟೇ.

ಪ್ರತಿಮೆಗಳನ್ನು ಗಮನಿಸಿ. ಹಣ್ಣಿಗೆ ಇಲ್ಲಿ ಮಾಂಸವಿದೆ, ರಕ್ತವಿದೆ, ಕಣ್ಣುಗಳಿವೆ. ಹಾಗಾಗಿ ರಸ ಮೆತ್ತಿದ ಮಕ್ಕಳ ಅಂಗೈಯನ್ನು ಕವಿ ಬ್ಲೂಬಿಯರ್ಡ್‌ನ ಕೈಗೆ ಹೋಲಿಸಿದಾಗ ನಮಗೆ ಬೆಚ್ಚಿಬೀಳುವಂತಾದರೂ ಅದು ಅಲ್ಲಿಗೆ ತಕ್ಕದ್ದೇ ಅನ್ನಿಸುತ್ತದೆ. ಫ್ರೆಂಚ್ ಲೇಖಕ ಪೆರೋ 1697ರಲ್ಲಿ ಪ್ರಕಟಿಸಿದ ಕತೆಯ ಶ್ರೀಮಂತ ಈ ಬ್ಲೂಬಿಯರ್ಡ್. ಹೆಂಡತಿಯರನ್ನು ಕೊಂದು, ಹೆಣಗಳನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟವನು. ವಿಮರ್ಶಕರು ಸಾಮಾನ್ಯವಾಗಿ ಕೈಯ ಕಲೆಯ ಬಳಿ ನಿಲ್ಲುತ್ತಾರೆ. ನನಗೆ ಮುಖ್ಯವೆನಿಸುವುದು ಆ ಕೋಣೆ. ಮರುಚರಣದಲ್ಲೇ ಬರುವ ಕೊಟ್ಟಿಗೆಯೂ ಅಂಥದ್ದೇ ಕೋಣೆ. ಪ್ರೀತಿಸಿದ್ದನ್ನು ಕಿತ್ತು ತಂದು ಒಳಗಿಟ್ಟುಕೊಳ್ಳುವ ಜಾಗ. ಕಾಲ ಹಣ್ಣನ್ನು ಕೊಳೆಸಿತು ಎನ್ನುವುದು ಅರ್ಧ ಮಾತು. ಕೂಡಿಟ್ಟದ್ದರಿಂದ ಅದು ಕೊಳೆಯಿತು, ಕೂಡಿಟ್ಟವರು ಮಕ್ಕಳು.

ಸರ್ವನಾಮಗಳೂ ಇದನ್ನೇ ಹೇಳುತ್ತವೆ. ಮೊದಲ ಹಣ್ಣು ತಿನ್ನುವುದು ‘ನೀನು’: ಓದುಗನ ಬಾಯಿಗೇ ರುಚಿ ಹತ್ತಿಸುತ್ತಾರೆ ಕವಿ. ಅಲೆದದ್ದು, ಕಿತ್ತದ್ದು, ಕೂಡಿಟ್ಟದ್ದು ‘ನಾವು’. ‘ನಾನು’ ಎಂಬ ಮಾತು ಬರುವುದು ಕೊನೆಯ ಸಾಲುಗಳಲ್ಲಿ, ಅಳು ಬರುವಾಗ. ಆಸೆಗೆ ಜೊತೆಗಾರರಿದ್ದರು, ದುಃಖಕ್ಕೆ ಯಾರೂ ಇಲ್ಲ. ಈ ಏಕಾಂತವನ್ನು ವಿವರಿಸಲು ಒಂದು ವಿಶೇಷಣವನ್ನೂ ಹೀನಿ ಖರ್ಚು ಮಾಡಿಲ್ಲ.

ಇನ್ನು ಪ್ರಾಸ. ಸಾಲುಗಳು ಜೋಡಿಜೋಡಿಯಾಗಿ ಸಾಗಿದರೂ ಬಹುತೇಕ ಕಡೆ ಅರೆಪ್ರಾಸವೇ, ದನಿ ಪೂರ್ತಿ ಕೂಡುವುದಿಲ್ಲ. ಅದು ಕೂಡುವುದು ಎರಡು ಕಡೆ: ಮೊದಲ ಹಣ್ಣು ಕಣ್ಣಿಗೆ ಬೀಳುವ ಮೂರು-ನಾಲ್ಕನೇ ಸಾಲುಗಳಲ್ಲಿ ಮತ್ತು ಎಲ್ಲ ಕೊಳೆತ ಮೇಲಿನ ಕೊನೆಯೆರಡು ಸಾಲುಗಳಲ್ಲಿ. ಎರಡೂ ಕಡೆ ಪ್ರಾಸದ ದನಿ ಒಂದೇ. ಹಣ್ಣಾದ ಕ್ಷಣದಲ್ಲೇ ಕೊಳೆಯ ಸದ್ದನ್ನು ಕವಿ ಇಟ್ಟುಬಿಟ್ಟಿದ್ದಾರೆ, ಮೊದಲ ಓದಿಗೆ ನಮಗದು ಕೇಳಿಸಿರುವುದಿಲ್ಲ.

ಅನುವಾದದಲ್ಲಿ ಇದು ಉಳಿಯುವುದು ಕಷ್ಟ. ಇಂಗ್ಲಿಷ್ ಅಷ್ಟಿಷ್ಟು ಬಂದರೂ ಸಾಕು, ಮೂಲವನ್ನೇ ತೆಗೆದುಕೊಂಡು ಎರಡು ಸಲ ಗಟ್ಟಿಯಾಗಿ ಓದಿ.