ತೋರಿಸಿದ್ದು ಸಾಕು, ಕೈಗೆ ಕೊಡಿ

ನಮ್ಮ ಬಳ್ಳಾರಿ ಸೀಮೆಯ ಕುರುಗೋಡಿನ ಹುಡುಗಿಯೊಬ್ಬಳು ಒಂಬತ್ತನೇ ತರಗತಿ ಮುಗಿಸಿ, ಬೇಸಿಗೆ ರಜೆಯಲ್ಲಿ ದೂರದ ಊರಿನ ಸಂಶೋಧನಾ ಶಿಬಿರವೊಂದಕ್ಕೆ ಹೋಗಿಬಂದಳು. ಬಂದ ಮೇಲೆ ತನ್ನ ನೋಟ್‌ಬುಕ್ಕನ್ನು ನನಗೆ ತಂದು ತೋರಿಸಿದಳು. ದುಂಡನೆಯ ಅಕ್ಷರ, ಉಪನ್ಯಾಸಕ್ಕೊಂದು ಕೆಂಪು ಶಾಯಿಯ ತಲೆಬರಹ, ಕೆಳಗೆ ಸ್ಕೇಲಿಟ್ಟು ಎಳೆದ ಜೋಡಿ ಗೆರೆ. ಕೊನೆಯ ಹಾಳೆಯವರೆಗೂ ತುಂಬಿತ್ತು. ಆದರೆ ಅವಳೇ ತೆಗೆದ ಒಂದು ಅಳತೆ ಅದರಲ್ಲಿರಲಿಲ್ಲ, ಅವಳೇ ಕೇಳಿದ ಒಂದು ಪ್ರಶ್ನೆ ಇರಲಿಲ್ಲ. “ಎಲ್ಲಾ ತೋರಿಸಿದ್ರು ರೀ ಸರ್. ಕೈಗೆ ಮಾತ್ರ ಏನೂ ಕೊಡ್ಲಿಲ್ಲ” ಅಂದಳು. ದೂರು ಹೇಳುವ ದನಿಯಲ್ಲ ಅದು. ಶಿಬಿರ ಅಂದರೆ ಹಾಗೇ ಇರುತ್ತದೆ ಅಂದುಕೊಂಡಿದ್ದಳು. ನನಗೆ ನೋವಾದದ್ದು ಅದಕ್ಕೇ.

ಹೈಸ್ಕೂಲು ಮಕ್ಕಳನ್ನು ಬೇಸಿಗೆಯಲ್ಲಿ ವಿಶ್ವವಿದ್ಯಾಲಯಕ್ಕೋ ಸಂಶೋಧನಾ ಸಂಸ್ಥೆಗೋ ಕರೆಸಿಕೊಳ್ಳುವ ಪದ್ಧತಿ ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಂಶೋಧನೆ ಎಂಬ ಮಾತನ್ನು ನಾವು ಬಹಳ ಅಗ್ಗ ಮಾಡಿಬಿಟ್ಟಿದ್ದೇವೆ. ಆ ಮಾತಿನ ಅರ್ಥ ತಿಳಿಯಲು ಬಳ್ಳಾರಿಯವರು ದೂರ ಹೋಗಬೇಕಾಗಿಲ್ಲ. ತೋರಣಗಲ್ಲಿನ ದಾರಿಯಲ್ಲಿ ಕುಡತಿನಿಯ ಹತ್ತಿರ ಒಂದು ಬೂದಿದಿಬ್ಬವಿದೆ. ಭೀಮ ಕೊಂದ ರಕ್ಕಸನನ್ನು ಸುಟ್ಟ ಬೂದಿ ಅದು ಎಂದು ಹಿರಿಯರು ಹೇಳುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಇಂಥ ದಿಬ್ಬಗಳ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಜ್ವಾಲಾಮುಖಿ ಉಗುಳಿದ್ದು ಅಂದವರಿದ್ದರು, ಸತ್ತವರನ್ನು ಸುಟ್ಟ ಜಾಗ ಅಂದವರಿದ್ದರು. ದನದ ಸಗಣಿ ಸುಟ್ಟ ಬೂದಿ ಇದು ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ವಾದಿಸಿದರು. ಆ ವಾದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ಎಷ್ಟೋ ದಶಕಗಳ ಮೇಲೆ. ವಿಜ್ಞಾನಿ ಎಫ್. ಇ. ಝೋಯ್ನರ್ ಬಳ್ಳಾರಿ ಸೀಮೆಯ ಬೂದಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, 1960ರಲ್ಲಿ ಅದರ ಮೇಲೆ ಪ್ರಬಂಧ ಪ್ರಕಟಿಸಿದರು. ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಮತ್ತೆ ಮತ್ತೆ ಸುಟ್ಟ ಗುರುತು ಅದು. ಒಂದು ಗುಮಾನಿ, ಅದಕ್ಕೆ ಎದುರು ಗುಮಾನಿ, ಕೊನೆಗೆ ಒಂದು ಚಿಟಿಕೆ ಬೂದಿಯನ್ನು ಕೈಗೆತ್ತಿಕೊಂಡು ಪರೀಕ್ಷೆ. ಸಂಶೋಧನೆ ಅಂದರೆ ಇಷ್ಟೇ, ಮತ್ತು ಇಷ್ಟು ಇದ್ದೇ ತೀರಬೇಕು.

ಈ ಒರೆಗಲ್ಲಿನ ಮೇಲೆ ನಮ್ಮ ಕಾರ್ಯಕ್ರಮಗಳನ್ನು ಉಜ್ಜಿ ನೋಡೋಣ. ಇಸ್ರೋ 2019ರಲ್ಲಿ ಶುರು ಮಾಡಿದ ‘ಯುವಿಕಾ’ ಒಂಬತ್ತನೇ ತರಗತಿಯ ಮಕ್ಕಳಿಗೆ ಇರುವಂಥದ್ದು, ಸುಮಾರು ಎರಡು ವಾರ. ಪ್ರಯಾಣ, ಊಟ, ವಸತಿ ಎಲ್ಲವೂ ಇಸ್ರೋದ್ದೇ, ಮಗುವನ್ನು ಕರೆದುಕೊಂಡು ಬರುವ ಒಬ್ಬ ಹಿರಿಯರ ರೈಲು ಚಾರ್ಜು ಸಹಿತ. ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುವ ಮಗುವಿಗೆ ಆಯ್ಕೆಯಲ್ಲಿ ನೂರಕ್ಕೆ 15ರ ತೂಕವಿದೆ. ಹಳ್ಳಿಯ ಶಾಲೆಯಲ್ಲಿ ಓದುವುದನ್ನೇ ಒಂದು ಅರ್ಹತೆಯೆಂದು ಎಣಿಸಿದ ಈ ಏರ್ಪಾಡನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಉಳಿದದ್ದರಲ್ಲಿ 50ರ ತೂಕ ಎಂಟನೇ ತರಗತಿಯ ಅಂಕಕ್ಕೆ. ನಮ್ಮ ಕಡೆ ಜನವರಿಯಿಂದ ಮಾರ್ಚಿನ ತನಕ ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಆ ದಿನಗಳಲ್ಲಿ ಅವ್ವನ ಜೊತೆ ಹೊಲಕ್ಕೆ ಹೋಗುವ ಮಗು ಶಾಲೆ ತಪ್ಪಿಸುತ್ತದೆ, ಅಂಕವೂ ತಪ್ಪುತ್ತದೆ. ಒಂದು ಕೈಯಲ್ಲಿ ಹಳ್ಳಿಗೆ ಕೊಟ್ಟದ್ದನ್ನು ಇನ್ನೊಂದು ಕೈ ಹೀಗೆ ಸದ್ದಿಲ್ಲದೆ ಕಿತ್ತುಕೊಳ್ಳುತ್ತದೆ. ಇನ್ನು ಒಳಗಿನ ಹೂರಣ: ಉಪನ್ಯಾಸ, ವಿಜ್ಞಾನಿಗಳ ಜೊತೆ ಮಾತುಕತೆ, ಪ್ರಯೋಗಾಲಯಗಳ ದರ್ಶನ, ಪುಟ್ಟ ರಾಕೆಟ್ ಮಾಡಿ ಹಾರಿಸುವುದು. ಮಗುವಿನ ಕಣ್ಣು ಅರಳುತ್ತದೆ, ಅದು ಸಣ್ಣ ಮಾತಲ್ಲ. ಆದರೂ ಇದು ಬಾಹ್ಯಾಕಾಶದ ಪರಿಚಯ, ಸಂಶೋಧನೆಯ ಅನುಭವವಲ್ಲ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗದಲ್ಲಿ ಮಗು ಎಡವುವುದಕ್ಕೆ ಜಾಗವೇ ಇರುವುದಿಲ್ಲ.

ಅಮೆರಿಕದಲ್ಲಿ 1984ರಿಂದ ನಡೆಯುತ್ತಿರುವ, ಎಂಐಟಿಯಲ್ಲಿ ಕೂಡುವ ‘ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್’ ಇನ್ನೊಂದು ಬಗೆಯದು. ಆರು ವಾರ, ಶುಲ್ಕವಿಲ್ಲ. ಮೊದಲ ವಾರ ಪಾಠ. ಉಳಿದ ಐದು ವಾರ ಒಬ್ಬ ಮಾರ್ಗದರ್ಶಕರ ಕೈಕೆಳಗೆ ಒಂದೇ ಸಮಸ್ಯೆ, ಕೊನೆಗೆ ಲಿಖಿತ ಪ್ರಬಂಧ ಮತ್ತು ಮಂಡನೆ. ಅಲ್ಲಿಂದ ನಾವು ಕಲಿಯಬೇಕಾದದ್ದು ಕಟ್ಟಡ, ಯಂತ್ರಗಳ ವೈಭವವನ್ನಲ್ಲ, ಆ ಐದು ವಾರವನ್ನು. (ಇದರ ಬೆನ್ನಿಗೇ ಲಕ್ಷಾಂತರ ರೂಪಾಯಿ ಕಟ್ಟಿಸಿಕೊಂಡು ಮಕ್ಕಳ ಹೆಸರಿನಲ್ಲಿ ‘ಪೇಪರು’ ಮಾಡಿಸಿಕೊಡುವ ವ್ಯಾಪಾರವೂ ಬೆಳೆದಿದೆ. ಅದನ್ನು ನಾನು ವಿಮರ್ಶೆಗೆ ಯೋಗ್ಯವೆಂದೂ ಎಣಿಸುವುದಿಲ್ಲ.)

ನಮ್ಮಲ್ಲಿ ಆ ಐದು ವಾರದಂಥದ್ದು ಇರಲೇ ಇಲ್ಲ ಎಂದಲ್ಲ. 1993ರಿಂದ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶ ನನ್ನ ಪ್ರಕಾರ ಈ ದೇಶ ಮಕ್ಕಳಿಗೆ ಕೊಟ್ಟ ಅತ್ಯುತ್ತಮ ವಿಜ್ಞಾನ ಪಾಠ. ಕರ್ನಾಟಕದಲ್ಲಿ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 10ರಿಂದ 17 ವರ್ಷದ ಮಕ್ಕಳು ತಮ್ಮೂರಿನದೇ ಒಂದು ಸಮಸ್ಯೆ ಹಿಡಿದು, ತಾವೇ ಮಾಹಿತಿ ಕಲೆಹಾಕಿ, ಕನ್ನಡದಲ್ಲೇ ಜಿಲ್ಲಾ ಸಮಾವೇಶದಲ್ಲಿ ಮಂಡಿಸಬಹುದು. ಕೊರತೆಯೂ ಇದೆ. ಎಷ್ಟೋ ಯೋಜನೆಗಳಲ್ಲಿ ಮೇಷ್ಟ್ರ ದನಿ ಜಾಸ್ತಿ, ಮಗುವಿನದು ಕಡಿಮೆ. ಬಣ್ಣದ ಚಾರ್ಟಿಗೆ ಹಾಕಿದ ಶ್ರಮ ಅಳತೆಗೆ ಬಿದ್ದಿರುವುದಿಲ್ಲ. ಯಾವ ವಿಶ್ವವಿದ್ಯಾಲಯದ ಪ್ರಯೋಗಾಲಯವೂ ಆ ಮಕ್ಕಳ ಬೆನ್ನಿಗೆ ನಿಲ್ಲದಿರುವುದು ಇದಕ್ಕೆ ಮುಖ್ಯ ಕಾರಣ.

ಭಾಷೆಯ ಮಾತು ಬಂತು. 1999ರಲ್ಲಿ ಆರಂಭವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸಿಕೊಂಡು ಬಂದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯ ವಿದ್ಯಾರ್ಥಿವೇತನದ ಪರೀಕ್ಷೆ ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. 2021ರಲ್ಲಿ ಅದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಮುಂದೆ ಪ್ರಶ್ನೆಯಾಯಿತು, ಪರೀಕ್ಷೆ ಮುಂದಕ್ಕೆ ಹೋಯಿತು. 2022ರಲ್ಲಿ ಯೋಜನೆಯೇ ಕೇಂದ್ರದ ಇನ್ನೊಂದು ಯೋಜನೆಯಾದ ‘ಇನ್‌ಸ್ಪೈರ್’ನಲ್ಲಿ ಕರಗಿತು. ಕನ್ನಡದಲ್ಲಿ ಯೋಚಿಸುವ ಸಿರುಗುಪ್ಪದ ಮಗುವಿಗೆ ಆ ಬಾಗಿಲು ಒಮ್ಮೆಯೂ ಪೂರ್ತಿ ತೆರೆಯಲಿಲ್ಲ.

ಹಾಗಾದರೆ ಬಾಗಿಲು ಇಲ್ಲಿಯೇ ಏಕೆ ತೆರೆಯಬಾರದು? 2010ರಿಂದ ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಮಣ್ಣು ಮತ್ತು ನೀರಿನ ಸಂರಕ್ಷಣೆಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ 1954ರಿಂದ ಇಲ್ಲಿದೆ, ಅದು ದುಡಿದಿರುವುದು ನಮ್ಮ ಎರೆಭೂಮಿಯ ಮೇಲೆ. ಸಿರುಗುಪ್ಪದಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಅದೇ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ 1963–64ರಲ್ಲಿ ಉತ್ಖನನ ಮಾಡಿ ನವಶಿಲಾಯುಗದ ಊರನ್ನೇ ಬೆಳಕಿಗೆ ತಂದರು. ಸಂಗನಕಲ್ಲು-ಕಪ್ಪಗಲ್ಲಿನ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ಅನುರಣಿಸುವ ಕರಿಬಂಡೆಗಳಿವೆ. ಸಾವಿರಾರು ವರ್ಷದ ಹಿಂದಿನ ಕೈಗಳು ಬಡಿದು ಬಡಿದು ಮಾಡಿದ ಕುಳಿಗಳು ಅವುಗಳ ಮೇಲಿವೆ. ಯಾವ ಬಂಡೆ ಯಾಕೆ ಉಲಿಯುತ್ತದೆ, ಪಕ್ಕದ್ದು ಯಾಕೆ ಮೂಕ? ಒಂದು ಮೊಬೈಲಿನಿಂದ ನಾದದ ಕಂಪನ ಅಳೆಯಬಹುದಾದ ಈ ಕಾಲದಲ್ಲಿ ಹತ್ತನೇ ತರಗತಿಯ ನಾಲ್ಕು ಮಕ್ಕಳಿಗೆ ಇದು ಆರು ವಾರದ ಕೆಲಸ, ಪುರಾತತ್ವದವರೊಬ್ಬರು, ಭೌತಶಾಸ್ತ್ರದವರೊಬ್ಬರು ಜೊತೆಗಿದ್ದರೆ.

ಇದು ಬರೀ ಆಸೆಯ ಮಾತಲ್ಲ. ಮೊನ್ನೆ ಮೇ ತಿಂಗಳಲ್ಲಿ ಕುರುಗೋಡಿನ ಆ ಹುಡುಗಿಯನ್ನೂ ಅವಳ ತಮ್ಮನನ್ನೂ ಸಿರುಗುಪ್ಪದ ಕಡೆಯ ಒಂದು ಎರೆಹೊಲಕ್ಕೆ ಕರೆದುಕೊಂಡು ಹೋದೆ. ಬಿಸಿಲು ಏರುವ ಮುಂಚೆ, ಬೆಳಿಗ್ಗೆ ಆರೂವರೆಗೆ. ತಳ ಕತ್ತರಿಸಿದ ಒಂದು ಎಣ್ಣೆ ಡಬ್ಬಿ, ಒಂದು ಲೀಟರಿನ ಬಾಟಲಿ, ಒಂದು ಗಡಿಯಾರ. ಅಂಗೈ ಅಗಲ ಬಾಯಿಬಿಟ್ಟ ನೆಲದಲ್ಲಿ ಡಬ್ಬಿ ಊರಿ ನೀರು ಸುರಿದಳು. ಗಡಿಯಾರ ನೋಡುವಷ್ಟರಲ್ಲಿ ನೀರು ಬಿರುಕಿನೊಳಗೆ ಇಳಿದು ಮಾಯ. “ಎರೆ ಭಾಳ ನೀರು ಕುಡೀತದ” ಎಂದು ಬರೆದುಕೊಂಡಳು. ಎರಡನೇ ಲೀಟರು ತುಸು ತಡ. ಸುರಿಯುತ್ತ ಹೋದಂತೆ ಜೇಡಿ ಉಬ್ಬಿತು, ಬಿರುಕು ತುಟಿ ಕೂಡಿಸಿತು, ನೀರು ಡಬ್ಬಿಯಲ್ಲಿ ನಿಂತೇಬಿಟ್ಟಿತು. ಅರ್ಧ ಗಂಟೆಯಾದರೂ ಮಟ್ಟ ಒಂದು ಬೆರಳು ಇಳಿದಿರಲಿಲ್ಲ. ಅವಳು ಮೊದಲು ಬರೆದ ಸಾಲನ್ನು ಹೊಡೆದುಹಾಕಿದಳು. ಅವಳ ನೋಟ್‌ಬುಕ್ಕಿನಲ್ಲಿ ನಾನು ಕಂಡ ಮೊದಲ ಕಾಟು ಅದು. ಆಮೇಲೆ ಕೇಳಿದಳು: “ಹಂಗಾದ್ರ ಕಾಲುವೆ ನೀರು ದಿನಾ ನಿಲ್ಲಿಸಿದ್ರ ಒಳಗ ಹೋಗೋದು ಎಷ್ಟು ರೀ? ಅದಕ್ಕೇನು ನಮ್ಮ ಮಾವನ ಹೊಲ ಸವಳಾಗಿದ್ದು?”

ಇದಕ್ಕೆ ಉತ್ತರ ಕೊಡುವಷ್ಟು ವಿದ್ಯೆ ನನ್ನಲ್ಲಿಲ್ಲ. ತುಂಗಭದ್ರೆಯ ಕಾಲುವೆ ಬಯಲಿನ ಸವಳು-ಜವಳು ಅವಳ ಮಾವನೊಬ್ಬನದೇ ಸಂಕಟವೂ ಅಲ್ಲ. ಮಣ್ಣಿನ ಉಪ್ಪು ಅಳೆಯುವ ಯಂತ್ರ, ಅದನ್ನು ಓದಲು ಕಲಿಸುವ ಒಬ್ಬ ವಿಜ್ಞಾನಿ, ಹೋಗಿಬರುವ ಬಸ್ ಚಾರ್ಜು, ಜೊತೆಗೆ ರಜೆಯಲ್ಲಿ ಅವಳು ಬಿಟ್ಟುಕೊಡುವ ಕೂಲಿಗೆ ಸಮನಾದ ಒಂದಿಷ್ಟು ಭತ್ಯೆ, ಅವಳಿಗೆ ಬೇಕಾದದ್ದು ಇಷ್ಟು. ಕೊನೆಯದನ್ನು ಒತ್ತಿ ಹೇಳುತ್ತೇನೆ. ಬೇಸಿಗೆ ಭತ್ತದ ಕೊಯ್ಲಿನ ಹೊತ್ತಿನಲ್ಲಿ ಮಗಳನ್ನು ಆರು ವಾರ ಬಿಟ್ಟುಕೊಡುವ ಮನೆಗೆ ಬರೀ ಪ್ರಮಾಣಪತ್ರ ಕೊಟ್ಟು ಕಳಿಸುವುದು ನ್ಯಾಯವಲ್ಲ. ನಾವು ನೀರು ಸುರಿದ ಹೊಲ ಸಿರುಗುಪ್ಪದ ಸಂಶೋಧನಾ ಕೇಂದ್ರದಿಂದ ದೂರವೇನಿಲ್ಲ. ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆಸಿ, ಅಳತೆಯ ಪಟ್ಟಿಯನ್ನು ಹಿಂದೆ ಲಗತ್ತಿಸಿ ಆ ಕೇಂದ್ರಕ್ಕೆ ಒಂದು ಅರ್ಜಿ ಸಿದ್ಧಪಡಿಸಿದ್ದೇವೆ. ಸೋಮವಾರ ಇಬ್ಬರೂ ಹೋಗಿ ಕೊಟ್ಟು ಬರುವವರಿದ್ದೇವೆ.