ಬಹುವಚನದ ಕಾಗುಣಿತ: ಧ್ವನಿನಿಯಮ ಮತ್ತು ಬರಹನಿಯಮ

ಇಂಗ್ಲಿಷ್ ನಾಮಪದಗಳ ಬಹುವಚನ ರಚನೆಯನ್ನು ನಮ್ಮ ಶಾಲಾ ವ್ಯಾಕರಣಗಳು ಸಾಮಾನ್ಯವಾಗಿ ಕಾಗುಣಿತ ನಿಯಮಗಳ ಒಂದೇ ಪಟ್ಟಿಯಾಗಿ ನಿರೂಪಿಸುತ್ತವೆ. ಧ್ವನಿಗೆ ಸಂಬಂಧಿಸಿದ ನಿಯಮವನ್ನೂ ಬರಹದ ರೂಢಿಯನ್ನೂ ಬೆರೆಸುವುದು ಈ ಕ್ರಮದ ಮೂಲದೋಷ.

ಎರಡನ್ನೂ ಬೇರ್ಪಡಿಸಲು ಕನ್ನಡ ಲಿಪಿಯೇ ಒರೆಗಲ್ಲು. ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವನ್ನು ಕಡ್ಡಾಯಗೊಳಿಸಿದ 2024ರ ತಿದ್ದುಪಡಿಯ ತರುವಾಯ, ಬೆಂಗಳೂರಿನ ಚಂದ್ರಾ ಲೇಔಟ್‌ನಂಥ ಬಡಾವಣೆಗಳ ಅಂಗಡಿಬೀದಿಗಳು ಇಂಥ ಹೋಲಿಕೆಗೆ ಸಹಜ ಆಕರಗಳಾಗಿವೆ. ‘ಇಂಡಸ್ಟ್ರೀಸ್’ ಮತ್ತು ‘ಕೀಸ್’ ರೋಮನ್ ಲಿಪಿಯಲ್ಲಿ ಭಿನ್ನವಾಗಿ ಮುಗಿಯುತ್ತವೆ. ಕನ್ನಡದಲ್ಲಿ ಅವುಗಳ ಅಂತ್ಯ ಒಂದೇ. ಆದ್ದರಿಂದ ‘ವೈ’ ಅಕ್ಷರವು ‘ಐ-ಇ’ ಆಗುವುದು ಬರಹದ ರೂಢಿ ಮಾತ್ರ. ‘ಬಾಕ್ಸಸ್’ ಎಂಬಲ್ಲಿ ಊಷ್ಮದ ಬಳಿಕ ಸೇರುವ ಸ್ವರವೂ ‘ಲೀಫ್–ಲೀವ್ಸ್’ ಎಂಬಲ್ಲಿನ ವ್ಯಂಜನಪಲ್ಲಟವೂ ಲಿಪಿ ಬದಲಾದರೂ ಉಳಿಯುತ್ತವೆ, ಇವು ಧ್ವನಿನಿಯಮಗಳು.

ಈ ಒರೆಗಲ್ಲಿಗೂ ಮಿತಿಯುಂಟು. ‘ಕ್ಯಾಪ್ಸ್’, ‘ಕ್ಯಾಬ್ಸ್’ ಪದಗಳ ಕೊನೆಯ ಅಘೋಷ–ಘೋಷ ಭೇದವನ್ನು ರೂಢಿಯ ಕನ್ನಡ ಬರಹವಾಗಲಿ ರೋಮನ್ ಬರಹವಾಗಲಿ ತೋರಿಸದು. ಅದನ್ನು ಕಿವಿಯೇ ಗ್ರಹಿಸಬೇಕು.

ಈ ವಿವೇಚನೆ ಕೇವಲ ಸೈದ್ಧಾಂತಿಕವಲ್ಲ. ‘ಇಂಡಸ್ಟ್ರಿ’ಯ ‘ವೈ’ಯನ್ನು ಉಳಿಸಿಕೊಂಡೇ ‘ಎಸ್’ ಸೇರಿಸುವ ವಿದ್ಯಾರ್ಥಿಗೆ ಬಹುವಚನ ತಿಳಿದಿದೆ, ಬರಹದ ರೂಢಿಯಷ್ಟೇ ತಿಳಿದಿಲ್ಲ. ಎರಡನ್ನೂ ಒಂದೇ ತಪ್ಪೆಂದು ಎಣಿಸುವ ಮೌಲ್ಯಮಾಪನವು ಅವನ ವ್ಯಾಕರಣಜ್ಞಾನಕ್ಕೆ ಅನ್ಯಾಯವೆಸಗುತ್ತದೆ.